ಕದ್ದ ಪ್ರತಿಯಲ್ಲಿ ಸ್ವಾತಂತ್ರ್ಯವಿಲ್ಲ

ಸಿನಿಮಾ ತಯಾರಾಗುವ ಜಾಗ, ಅದರ ಹಕ್ಕಿನ ವ್ಯಾಪಾರ ನಡೆಯುವ ಜಾಗ, ಆ ಹಕ್ಕಿನ ತಕರಾರು ಇತ್ಯರ್ಥವಾಗುವ ಜಾಗ ಮೂರೂ ಮುಂಬಯಿಯ ಬಾಂದ್ರಾದಲ್ಲಿ ಅಕ್ಕಪಕ್ಕಕ್ಕೆ ಬರುತ್ತಿವೆ. ಹಿಲ್ ರೋಡಿನಲ್ಲಿ 1954ರಿಂದ ಮೆಹಬೂಬ್ ಸ್ಟುಡಿಯೊ ಇದೆ. ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳ ಕಚೇರಿಗಳಿವೆ. ಬಾಂದ್ರಾ ಪೂರ್ವದ ಸರ್ಕಾರಿ ಕಾಲೊನಿಯ ನೆಲದಲ್ಲಿ ಬಾಂಬೆ ಹೈಕೋರ್ಟಿನ ಹೊಸ ಕಟ್ಟಡ ಏಳಲಿದೆ. ಈ ಮೂವರ ವ್ಯವಹಾರದಲ್ಲಿ ಎಲ್ಲರೂ ಹೆಸರೆತ್ತುವ, ಆದರೆ ಯಾರೂ ಮಾತಾಡಲು ಬಿಡದ ನಾಲ್ಕನೆಯವರು ಬಳಕೆದಾರರು. ಹಕ್ಕುದಾರರ ಕಣ್ಣಿಗೆ ಅವರೆಲ್ಲ ಕಳ್ಳರು. ಪೈರಸಿಯನ್ನು ಸಮರ್ಥಿಸುವವರ ಕಣ್ಣಿಗೆ ಅವರೆಲ್ಲ ಬಂಡಾಯಗಾರರು. ಎರಡೂ ಸರಿಯಲ್ಲ. ಕದ್ದ ಪ್ರತಿ ಬಳಕೆದಾರರಿಗೆ ಸ್ವಾತಂತ್ರ್ಯ ತಂದುಕೊಡುವುದಿಲ್ಲ, ಕಾನೂನು ಕೊಟ್ಟ ಹಕ್ಕನ್ನೂ ಕಳೆಯುತ್ತದೆ. ಹಾಗೆಂದು ನೆಟ್ಟಗೆ ನಡೆಯುವವರನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸುವ ಪೈರಸಿ ಕಾನೂನು ನೆಟ್ಟಗೆ ನಡೆಯುವುದಕ್ಕೆ ಬೆಲೆಯೇ ಇಲ್ಲದಂತೆ ಮಾಡುತ್ತದೆ. ಇದು ನನ್ನ ವಾದ.

ಮೊದಲು ಕಾನೂನನ್ನೇ ನೋಡೋಣ. 2016ರ ಜುಲೈನಲ್ಲಿ 'ಡಿಶೂಮ್' ಸಿನಿಮಾ ಬಿಡುಗಡೆಗೆ ಮೊದಲು ಈರೋಸ್ ಸಂಸ್ಥೆ ಬಾಂಬೆ ಹೈಕೋರ್ಟಿಗೆ ಹೋಯಿತು. ಕಳ್ಳಪ್ರತಿ ಬರಬಹುದಾದ ಜಾಲತಾಣಗಳನ್ನು ಇಡಿಯಾಗಿ ಮುಚ್ಚಿಸಬೇಕೆಂಬುದು ಬೇಡಿಕೆ. ನ್ಯಾಯಮೂರ್ತಿ ಗೌತಮ್ ಪಟೇಲ್ ಒಪ್ಪಲಿಲ್ಲ. ಒಂದು ತಾಣದಲ್ಲಿ ಕಾನೂನಿಗೆ ವಿರುದ್ಧವಲ್ಲದ್ದು ಏನೂ ಇಲ್ಲವೆಂದು ತೋರಿಸದೆ ಅದನ್ನು ಪೂರ್ತಿ ಮುಚ್ಚಲಾಗದು ಎಂದರು. ಕೊಂಡಿಗಳನ್ನು ಒಂದೊಂದಾಗಿ ಪರಿಶೀಲಿಸಿ ಪ್ರಮಾಣಪತ್ರ ಸಲ್ಲಿಸಿದ ಮೇಲೆ 134 ಕೊಂಡಿಗಳನ್ನಷ್ಟೇ ತಡೆಯಲು ಆದೇಶಿಸಿದರು. ತಡೆದ ಪುಟದಲ್ಲಿ ಕಾರಣ ತಿಳಿಸಬೇಕು, ತೊಂದರೆಗೊಳಗಾದವರು ಕೋರ್ಟಿಗೆ ಬರುವ ದಾರಿ ಇರಬೇಕು ಎಂಬ ಷರತ್ತೂ ಇತ್ತು. ಮರುತಿಂಗಳು ಇಂಟರ್ನೆಟ್ ಸೇವೆಯವರು ಹಾಕಿದ ಎಚ್ಚರಿಕೆಯಲ್ಲಿ, ಕಳ್ಳಪ್ರತಿ ನೋಡಿದರೂ ಮೂರು ವರ್ಷ ಜೈಲು, ಮೂರು ಲಕ್ಷ ರೂಪಾಯಿವರೆಗೆ ದಂಡ ಎಂಬ ಅರ್ಥ ಬರುತ್ತಿತ್ತು. ಮನೆಯಲ್ಲಿ ಫೋನ್ ಹಿಡಿದು ಕೂತವರ ಎದೆ ಧಸಕ್ಕೆನ್ನುವಂಥ ಮಾತು. ಅದೇ ಕೋರ್ಟು ಅದನ್ನು ತಿದ್ದಿತು. ಬರೀ ನೋಡುವುದು ಅಪರಾಧವಲ್ಲ; ಹಕ್ಕುದಾರರಿಗೆ ನಷ್ಟವಾಗುವಂತೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು ಅಥವಾ ಬಾಡಿಗೆಗೆ ಕೊಡುವುದು ಅಪರಾಧ ಎಂದಿತು. ಹೆದರಿಕೆಗೂ ಕಾನೂನಿಗೂ ನಡುವೆ ಗೆರೆ ಎಳೆದದ್ದು ಈ ತಿದ್ದುಪಡಿಯ ದೊಡ್ಡತನ.

ಆದರೆ ನೋಡುವುದು ಅಪರಾಧವಲ್ಲವೆಂಬ ಮಾತನ್ನು ಸಾಫ್ಟ್‌ವೇರಿಗೂ ಹಚ್ಚಿದರೆ ಎಡವುತ್ತೇವೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕಳ್ಳಪ್ರತಿಯೆಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬಳಸುವುದೇ ಅಪರಾಧ. ಶಿಕ್ಷೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಲಾಭದ ಅಥವಾ ವ್ಯಾಪಾರದ ಬಳಕೆಯಲ್ಲದಿದ್ದರೆ ಜೈಲು ಬಿಡುವ ಅಧಿಕಾರ ಕೋರ್ಟಿಗಿದೆ. ಇದೇ ಕಾಯ್ದೆಯ 52ನೇ ಕಲಮು ಕಾನೂನುಬದ್ಧವಾಗಿ ಪ್ರತಿ ಪಡೆದವರಿಗೆ ಉದಾರವಾದ ಹಕ್ಕುಗಳನ್ನು ಕೊಡುತ್ತದೆ. ಅವರು ಕೆಟ್ಟುಹೋದೀತೆಂದು ಇನ್ನೊಂದು ಪ್ರತಿ ಇಟ್ಟುಕೊಳ್ಳಬಹುದು, ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆಂದು ಪರೀಕ್ಷಿಸಬಹುದು, ಬೇರೆ ಪ್ರೋಗ್ರಾಮಿನ ಜೊತೆ ಹೊಂದಿಸಲು ಬೇಕಾದ ಮಾಹಿತಿಯನ್ನು ಬಿಚ್ಚಿ ತೆಗೆಯಬಹುದು. ಕದ್ದ ಪ್ರತಿ ಇಟ್ಟುಕೊಂಡವರು ಈ ಹಕ್ಕುಗಳ ಮೇಲೆ ಬಾಯಿ ಬಿಡುವಂತಿಲ್ಲ. ಬೆಲೆ ಉಳಿಯಿತು, ಹಕ್ಕು ಹೋಯಿತು.

ಕನ್ನಡದ ಮುದ್ರಣವೇ ಇದಕ್ಕೆ ಸಾಕ್ಷಿ. ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ಪ್ರೋಗ್ರಾಮಿನ ಕೊನೆಯ ಆವೃತ್ತಿ 2001ರದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆದರೂ ಮುಂಬಯಿಯಿಂದ ಬೆಂಗಳೂರಿನವರೆಗೆ ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡವು, ಹಲವು ಕಡೆ ದುಡ್ಡು ಕೊಡದ ಪ್ರತಿಯಲ್ಲೇ. ಹಾಗೆ ಜೋಡಿಸಿದ ಪುಸ್ತಕದ ಕಡತವನ್ನು ತೆರೆದು, ಅಕ್ಷರ ಜೋಡಿಸಿದ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನೋಡಿ: ಕನ್ನಡದ ಸಾಲಿದ್ದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹುಡುಕಲಾಗದು, ಇನ್ನೊಂದೆಡೆ ಅಂಟಿಸಲಾಗದು, ಪರಿವರ್ತಕದಲ್ಲಿ ಹಾಯಿಸಿದರೂ ಒತ್ತಕ್ಷರಗಳನ್ನು ಮತ್ತೆ ತಿದ್ದಬೇಕು. ಪುಕ್ಕಟೆಯೆಂದು ಹಾಕಿಕೊಂಡ ಪ್ರೋಗ್ರಾಮಿಗೆ ಲೇಖಕರು, ಪ್ರಕಾಶಕರು ತಮ್ಮ ಬರಹವನ್ನೇ ಒತ್ತೆಯಿಟ್ಟಂತಾಯಿತು. ಮಾರುವವರಿಗೂ ಈ ಲೆಕ್ಕ ಗೊತ್ತಿತ್ತು. 1998ರಲ್ಲಿ ಮೈಕ್ರೊಸಾಫ್ಟಿನ ಬಿಲ್ ಗೇಟ್ಸ್, ಚೀನಾದವರು ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಮುಂದೆ ವಸೂಲು ಮಾಡುವ ದಾರಿ ಸಿಕ್ಕೀತು ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ್ದರು. ಕಳ್ಳಪ್ರತಿ ಯಾರ ಸಾಮ್ರಾಜ್ಯ ಬೆಳೆಸುತ್ತದೆಂಬುದಕ್ಕೆ ಬೇರೆ ಪುರಾವೆ ಬೇಕೆ?

ಮುಕ್ತ ತಂತ್ರಾಂಶದ ದಾರಿ ಬೇರೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಎಂಬ ಮುಕ್ತ ತಂತ್ರಾಂಶದ ಯೋಜನೆ ಸಾರಿದರು. ಆ ಯೋಜನೆಗಾಗಿ 1989ರಲ್ಲಿ ಬಂದ ಜಿಪಿಎಲ್ ಪರವಾನಗಿ ಕೃತಿಸ್ವಾಮ್ಯವನ್ನು ಧಿಕ್ಕರಿಸಲಿಲ್ಲ, ಅದರ ಬಲದ ಮೇಲೆಯೇ ನಿಂತಿತು. ಹಕ್ಕು ನನ್ನದು, ಆದ್ದರಿಂದ ಎಲ್ಲರೂ ಬಳಸಿ, ಓದಿ, ತಿದ್ದಿ, ಹಂಚಿ, ಹಂಚುವಾಗ ಇದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ದಾಟಿಸಿ ಎನ್ನುವ ಕರಾರು ಅದು. ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶದಲ್ಲಿ ಬಹುಕಾಲ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಅರಬ್ಬಿ ಲಿಪಿ ಬೇಕಾಗಿದ್ದ ಓಮಾನಿನವರು ಅದರ ಮೂಲಸಂಕೇತಕ್ಕೆ ಕೈಹಾಕಿದರು, 1.5 ಸರಣಿಯಲ್ಲಿ ಅರಬ್ಬಿಯ ಜೊತೆಗೆ ಭಾರತದ ಲಿಪಿಗಳಿಗೂ ದಾರಿಯಾಯಿತು. ಪೇಜ್‌ಮೇಕರಿನ ಕಳ್ಳಪ್ರತಿ ಎಷ್ಟು ಕೈ ದಾಟಿದರೂ ಅದರ ಒಳಗನ್ನು ತಿದ್ದುವ ಅವಕಾಶ ಯಾರಿಗೂ ಸಿಗಲಿಲ್ಲ. ಜಿಪಿಎಲ್ ಮುರಿದವರನ್ನು ಪ್ರಶ್ನಿಸಬೇಕಾದರೂ ಕೃತಿಸ್ವಾಮ್ಯವೇ ಬೇಕು. ಇನ್ನೊಬ್ಬರ ಹಕ್ಕು ಲೆಕ್ಕಕ್ಕಿಲ್ಲವೆಂದವರು ಈ ಕರಾರನ್ನು ಯಾವ ಬಾಯಲ್ಲಿ ಕಾಯುತ್ತಾರೆ?

ಬಡವರ ಗತಿಯೇನು ಎಂಬ ಆಕ್ಷೇಪ ಹಗುರವಲ್ಲ. ಬಾಂದ್ರಾದ ಬೆಹ್ರಾಮ್‌ಪಾಡಾದಲ್ಲಿರುವ ವಿದ್ಯಾರ್ಥಿ ಡಾಲರ್ ಲೆಕ್ಕದ ಬೆಲೆ ತೆರಲಾರ. ಆದರೆ ಅವನಿಗೆ ಕಳ್ಳಪ್ರತಿ ಕೊಟ್ಟು ನ್ಯಾಯ ಸಿಕ್ಕಿತೆನ್ನುವುದು ಸಮಾಜ ತನ್ನ ಹೊಣೆ ಕೊಡವಿಕೊಳ್ಳುವ ಮಾತು. ಪೊವಾಯಿಯ ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಲಿಬ್ರೆ ಆಫೀಸ್, ಲಿನಕ್ಸ್‌ನಂಥ ಮುಕ್ತ ತಂತ್ರಾಂಶಗಳ ಪಾಠವನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಕೊಡುತ್ತದೆ. ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಮುಕ್ತ ತಂತ್ರಾಂಶದ ಮೇಲೆಯೇ ಕಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ವ್ಯವಸ್ಥೆಯೊಳಗೇ ಕಲಿಯುತ್ತಾರೆ. ಬಡತನಕ್ಕೆ ತಕ್ಕ ಉತ್ತರ ಇದು. ಸಿನಿಮಾಕ್ಕೆ ಈ ಉತ್ತರ ಪೂರ್ತಿ ಹೊಂದದು, ಒಪ್ಪುತ್ತೇನೆ. ಸಿನಿಮಾ ಯಾರೂ ತಿದ್ದಿ ಬಳಸುವ ಉಪಕರಣವಲ್ಲ, ಅದರ ದುಡಿಮೆಗೆ ಕೂಲಿ ಸಲ್ಲಲೇಬೇಕು.

ನಿರ್ಮಾಪಕರ ಆಕ್ಷೇಪವೂ ಇದೆ: ಒಂದು ಕೊಂಡಿ ತಡೆದರೆ ಗಂಟೆಯೊಳಗೆ ಹತ್ತು ಹುಟ್ಟುತ್ತವೆ, ಎಣಿಸುತ್ತ ಕೂತರೆ ಸಿನಿಮಾ ಮುಳುಗುತ್ತದೆ. ನಿಜ. ಅದಕ್ಕಾಗಿಯೇ 2019ರಲ್ಲಿ ದೆಹಲಿ ಹೈಕೋರ್ಟು, ಹೆಸರು ಬದಲಿಸಿ ಮರಳುವ ಕಳ್ಳ ತಾಣಗಳಿಗೂ ಹಳೆಯ ಆದೇಶವನ್ನು ವಿಸ್ತರಿಸುವ ದಾರಿ ಮಾಡಿತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಯ ತಿದ್ದುಪಡಿ ಕಳ್ಳ ಚಿತ್ರೀಕರಣಕ್ಕೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ವಿಧಿಸಿತು. ಈ ವೇಗಕ್ಕೆ ನನ್ನ ವಿರೋಧವಿಲ್ಲ. ಆ ದೆಹಲಿ ಆದೇಶವೂ ತಾಣದ ಮುಖ್ಯ ಉದ್ದೇಶವೇ ಕಳ್ಳತನವೇ ಎಂದು ತೂಗಿ ನೋಡಬೇಕೆಂದಿತ್ತು. ತೂಗದೆ ಮುಚ್ಚಿದರೇನಾಗುತ್ತದೆಂದು 2012ರಲ್ಲಿ ಕಂಡಿದ್ದೇವೆ. ಮದ್ರಾಸ್ ಹೈಕೋರ್ಟಿನ ಆದೇಶವೊಂದನ್ನು ಹಿಡಿದು ಸೇವಾದಾರರು ವಿಮಿಯೊದಂಥ ವಿಡಿಯೊ ತಾಣಗಳನ್ನೇ ಇಡಿಯಾಗಿ ಮುಚ್ಚಿದರು. ತಮ್ಮದೇ ಕೃತಿಗಳನ್ನು ಅಲ್ಲಿಟ್ಟವರ ಬಾಗಿಲೂ ಮುಚ್ಚಿತು. ಕೊನೆಗೆ ನಿರ್ದಿಷ್ಟ ಕೊಂಡಿಗಳಿಗಷ್ಟೇ ಆದೇಶ ಅನ್ವಯವೆಂದು ಕೋರ್ಟು ತಿಳಿಸಬೇಕಾಯಿತು. ಬಳಕೆದಾರರೇ ಕಡತಗಳನ್ನು ಪರಸ್ಪರ ಹಂಚಿಕೊಳ್ಳುವ ಟೊರೆಂಟ್ ಎಂದರೆ ಕಳ್ಳಮಾಲು ಎಂದೇ ಬಗೆದರೆ, ಅದೇ ವಿಧಾನದಲ್ಲಿ ಹಂಚಿಕೆಯಾಗುವ ಡೆಬಿಯನ್, ಉಬುಂಟುವಿನಂಥ ಮುಕ್ತ ತಂತ್ರಾಂಶಗಳಿಗೂ ಪೆಟ್ಟು ಬೀಳುತ್ತದೆ. ಕಳ್ಳಪ್ರತಿ ಬಿಟ್ಟು ಮುಕ್ತ ತಂತ್ರಾಂಶಕ್ಕೆ ಬನ್ನಿ ಎಂದು ಕರೆದವರ ದಾರಿಗೇ ಬೇಲಿ ಹಾಕಿದಂತೆ.

ಆದ್ದರಿಂದ ಹೊಣೆ ಎರಡೂ ಕಡೆಗಿದೆ. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಶಾಲೆ, ಕಚೇರಿ, ವಿಶ್ವವಿದ್ಯಾಲಯಗಳು ಮುಕ್ತ ತಂತ್ರಾಂಶವನ್ನೇ ಮೊದಲ ಆಯ್ಕೆ ಮಾಡಿಕೊಳ್ಳಬೇಕು. ತಡೆ ಆದೇಶ ಕೊಡುವ ಪ್ರತಿ ಅಧಿಕಾರಿ, ಪ್ರತಿ ಕೋರ್ಟು ಪುರಾವೆ, ಕಾರಣ, ಮರುವಿಚಾರಣೆಯ ದಾರಿ ಈ ಮೂರನ್ನೂ ಆದೇಶದಲ್ಲೇ ಬರೆಯಬೇಕು. ಬಳಕೆದಾರರು ಇನ್ನೊಬ್ಬರ ದುಡಿಮೆಯನ್ನು ಕದಿಯದೆ, ತಮಗೆ ಸಂದ ಹಕ್ಕನ್ನು ಬಿಟ್ಟುಕೊಡದೆ ಬಾಳುವುದು ಇಂದು ಸಾಧ್ಯವಿದೆ. ಆ ಸಾಧ್ಯತೆಯನ್ನು ಎಲ್ಲರ ಕೈಗೆಟುಕಿಸಿದ ಮೇಲೆಯೇ ಕಾನೂನಿಗೆ ದಂಡಿಸುವ ನೈತಿಕ ಬಲ ಬರುತ್ತದೆ.