ಶುಲ್ಕಕ್ಕಾಗಿ ಕುಣಿಯುವವಳು ಮತ್ತು ನಾವು

ಕಲಿಯುವುದು ಪುಣ್ಯದ ಕೆಲಸ. ಕಲಿಕೆಯ ಖರ್ಚನ್ನು ಸ್ವಂತ ದುಡಿಮೆಯಿಂದ ಭರಿಸುವುದು ಇನ್ನೂ ದೊಡ್ಡದು. ಹಾಗಾದರೆ, ಹಗಲು ಕಾಲೇಜಿಗೆ ಹೋಗುವ ಹುಡುಗಿ ಶುಲ್ಕಕ್ಕಾಗಿ ರಾತ್ರಿ ಬಾರ್‌ನಲ್ಲಿ ಕುಡುಕರ ಮುಂದೆ ಕುಣಿದರೆ? ಗುರಿ ಒಳ್ಳೆಯದೆಂಬ ಮಾತ್ರಕ್ಕೆ ದಾರಿಯೂ ಒಳ್ಳೆಯದಾಗುವುದೇ?

ಆಗದು. ದೇಹವನ್ನು ಪರರ ನೋಟಕ್ಕೆ ಮಾರಿ ಪಡೆದ ಹಣ ಪುಸ್ತಕಕ್ಕೆ ಹೋದರೂ ಹಲಾಲ್ ಆಗುವುದಿಲ್ಲ. ಈ ಉತ್ತರ ನಮಗೆಲ್ಲ ಗೊತ್ತು. ಇಷ್ಟು ಹೇಳಿ ಕೈತೊಳೆದುಕೊಂಡರೆ ನಮ್ಮ ಹೊಣೆ ಮುಗಿಯಿತೇ?

ಇದು ದೂರದೂರಿನ ಮಾತೆಂದು ಭಾವಿಸಬೇಡಿ. ಕೂಳೂರು ಸೇತುವೆ ದಾಟಿ ಉತ್ತರಕ್ಕೆ ಸಾಗುವ ಹೆದ್ದಾರಿ ಮುಂಬೈ ಬಳಿಯ ಪನ್ವೇಲ್ ತಲಪುತ್ತದೆ. ಮುಂಬೈಯ ಹೋಟೆಲು, ಬಾರ್‌ಗಳನ್ನು ನಡೆಸಿದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಮಹಾರಾಷ್ಟ್ರ ಸರಕಾರ 2005ರಲ್ಲಿ ಡ್ಯಾನ್ಸ್ ಬಾರ್‌ಗಳನ್ನು ನಿಷೇಧಿಸಿತು. ಆದರೆ ಮೂರು ತಾರೆ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ವಿನಾಯಿತಿ ನೀಡಿತು. ಬಡವನ ಮುಂದೆ ಕುಣಿದರೆ ಅಶ್ಲೀಲ, ಸಿರಿವಂತನ ಮುಂದೆ ಕುಣಿದರೆ ಮನರಂಜನೆ! ಬಾಂಬೆ ಹೈಕೋರ್ಟ್ 2006ರಲ್ಲಿ ಆ ನಿಷೇಧವನ್ನು ರದ್ದುಪಡಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತೀರ್ಪನ್ನು ಎತ್ತಿಹಿಡಿಯಿತು. ಕೆಲಸ ಕಳಕೊಂಡ ಅನೇಕ ಹೆಣ್ಮಕ್ಕಳು ವೇಶ್ಯಾವೃತ್ತಿಗೆ ಇಳಿಯಬೇಕಾಯಿತೆಂಬುದನ್ನೂ ಅದು ಗಮನಿಸಿತು. ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನು ತೆರೆದಿರಲಿಲ್ಲ.

ಪವಿತ್ರ ಕುರ್‌ಆನಿನ 'ಅನ್ನೂರ್' ಅಧ್ಯಾಯವನ್ನು ಗಮನವಿಟ್ಟು ಓದಿರಿ. ದೃಷ್ಟಿ ತಗ್ಗಿಸುವ ಆದೇಶ ಅಲ್ಲಿ ಮೊದಲು ಬರುವುದು ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಲೌಕಿಕ ಲಾಭಕ್ಕಾಗಿ ದಾಸಿಯರನ್ನು ವ್ಯಭಿಚಾರಕ್ಕೆ ದೂಡುವುದನ್ನು ಅದು ನಿಷೇಧಿಸುತ್ತದೆ. ಬಲವಂತಕ್ಕೊಳಗಾದವರಿಗೆ ಅಲ್ಲಾಹನ ಕ್ಷಮೆಯ ಭರವಸೆ ನೀಡುತ್ತದೆ. ನಾವೋ, ಕುಣಿದವಳ ಹೆಸರನ್ನು ಮನೆಮನೆಗೆ ಹಂಚುತ್ತೇವೆ. ನೋಟು ಎಸೆದವನಿಗೆ ಎದ್ದು ಸಲಾಮು ಹೇಳುತ್ತೇವೆ.

ಸಹೋದರರೇ, ಸಹೋದರಿಯರೇ, ನಮ್ಮ ಮದುವೆಗಳಲ್ಲಿ ಒಂದು ರಾತ್ರಿಯ ದೀಪಾಲಂಕಾರಕ್ಕೆ ಸುರಿಯುವ ಹಣದಿಂದ ಎಷ್ಟು ಹೆಣ್ಮಕ್ಕಳ ಶುಲ್ಕ ಕಟ್ಟಬಹುದೆಂದು ಒಮ್ಮೆ ಲೆಕ್ಕ ಹಾಕಿ. ಝಕಾತ್‌ನಲ್ಲಿ ಬಡವರಿಗೆ ಹಕ್ಕಿದೆ. ಓದುವ ಬಡ ಹುಡುಗಿಯೂ ಬಡವಳೇ. ಕಾಲೇಜು ಸೇರುವ ಸಮಯದಲ್ಲಿ ಜಮಾಅತಿನವರು ಇಂಥವರನ್ನು ತಾವಾಗಿಯೇ ಹುಡುಕಿ, ಹೆಸರು ಹೊರಬೀಳದಂತೆ ನೆರವಾಗಲಿ. ಕೈಚಾಚುವ ಅವಮಾನಕ್ಕೆ ಹೆದರಿಯೇ ಹಲವರು ತಪ್ಪು ಬಾಗಿಲು ತಟ್ಟುತ್ತಾರೆ.

ಆ ದಾರಿ ಬಿಟ್ಟು ಬಂದವಳನ್ನು ಹಳೆಯ ಮಾತಿನಿಂದ ಚುಚ್ಚಬೇಡಿ. ತೌಬಾದ ಬಾಗಿಲನ್ನು ಅಲ್ಲಾಹನೇ ತೆರೆದಿಟ್ಟಿರುವಾಗ ಅದನ್ನು ಮುಚ್ಚಲು ನಾವು ಯಾರು? 'ಹರಾಮ್' ಎಂದು ಹೇಳಲು ಖರ್ಚಿಲ್ಲ. ಹಲಾಲಾದ ದಾರಿ ತೋರಿಸಲು ಮಾತ್ರ ನಮ್ಮ ಕಿಸೆಗೆ ಕೈಹಾಕಬೇಕಾಗುತ್ತದೆ.