ಹೊಗಳಿಕೆ ಮತ್ತು ಪ್ರಶ್ನೆ

ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದು ಎಲ್ಲ ಕಡೆಯೂ ಇರುವ ಮರ್ಯಾದೆ. ಮನೆಯಲ್ಲಾದರೆ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕುಳಿತವರು ಆಡುತ್ತಾರೆ. ಶಾಸನಸಭೆಯಲ್ಲಾದರೆ ನಿರ್ಣಯ ಮಂಡಿಸಿ ಆಡುತ್ತಾರೆ. ಅಂಥ ನಿರ್ಣಯದಿಂದ ಕಾನೂನು ಬದಲಾಗುವುದಿಲ್ಲ, ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಹಾಗಾದರೆ ಅದರ ಬೆಲೆಯೇನು?

ಡೇಲ್ ಅರ್ನ್‌ಹಾರ್ಟ್ ಎಂಬ ಅಮೆರಿಕದ ಕಾರು ಪಂದ್ಯಗಾರನ ಸಾವು ಈ ಪ್ರಶ್ನೆಯನ್ನು ನನ್ನೆದುರು ಇಡುತ್ತದೆ. ನಾರ್ತ್ ಕೆರೊಲಿನಾದ ಕನ್ನಾಪೊಲಿಸ್ ಎಂಬ ಊರಿನವನು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು, ತಂದೆಯಂತೆ ಕಾರು ಹಿಡಿದು, ಏಳು ಸಲ ಚಾಂಪಿಯನ್ ಆದವನು. 2001ರ ಫೆಬ್ರವರಿ 18ರಂದು ಫ್ಲಾರಿಡಾದ ಡೇಟೋನಾ ಪಂದ್ಯದ ಕೊನೆಯ ಸುತ್ತಿನಲ್ಲಿ ಕಾರು ಗೋಡೆಗೆ ಬಡಿದು ಸತ್ತ. ಆಗ ವಯಸ್ಸು 49. ಆತನನ್ನು ಗೌರವಿಸಿ, ಕುಟುಂಬಕ್ಕೆ ಸಂತಾಪ ಸೂಚಿಸಿ ಅಮೆರಿಕದ ಸೆನೆಟ್ ನಿರ್ಣಯ ಅಂಗೀಕರಿಸಿತು.

ಇದನ್ನು ಬರಿಯ ಉಪಚಾರವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದುಃಖದಲ್ಲಿರುವವರಿಗೆ 'ನಿಮ್ಮವನು ನಮಗೂ ಬೇಕಾದವನಾಗಿದ್ದ' ಎಂಬ ಒಂದು ಮಾತು ಸಣ್ಣದಲ್ಲ. ಆದರೆ ಹೊಗಳಿಕೆಗೆ ಒಂದು ದೋಷವುಂಟು. ಧೈರ್ಯಶಾಲಿ ಎಂದು ಹಾಡಿ ಹರಸುವಾಗ, ಅವನೇಕೆ ಸತ್ತ ಎಂದು ಕೇಳುವುದು ಒರಟುತನವಾಗಿ ಕಾಣತೊಡಗುತ್ತದೆ.

ಕೇಳಲೇಬೇಕಾದ ಪ್ರಶ್ನೆ ಅದಾಗಿತ್ತು. ಹಿಂದಿನ ವರ್ಷ, 2000ದಲ್ಲಿ, ಅದೇ ಸಂಸ್ಥೆಯ ಪಂದ್ಯಗಳ ಮೂವರು ಚಾಲಕರು ತಲೆ ಕುತ್ತಿಗೆಗಳಿಗೆ ಬಿದ್ದ ಪೆಟ್ಟಿನಿಂದ ಸತ್ತಿದ್ದರು. ಒಬ್ಬನಿಗಂತೂ ಇನ್ನೂ 19 ವರ್ಷ. ಹೆಲ್ಮೆಟ್ಟನ್ನು ಹೆಗಲ ಮೇಲಿನ ಪಟ್ಟಿಗೆ ಬಿಗಿದು, ತಲೆ ಮುಂದಕ್ಕೆ ಚಿಮ್ಮದಂತೆ ತಡೆಯುವ ಸಾಧನವನ್ನು ರಾಬರ್ಟ್ ಹಬರ್ಡ್ ಎಂಬ ಪ್ರಾಧ್ಯಾಪಕರು 1980ರ ದಶಕದಲ್ಲೇ ರೂಪಿಸಿದ್ದರು. ಅದು ಕಡ್ಡಾಯವಾಗಿರಲಿಲ್ಲ. ಅರ್ನ್‌ಹಾರ್ಟ್ ಅದನ್ನು ಧರಿಸಿರಲಿಲ್ಲ.

ಇನ್ನೊಂದು ಕಡೆ ಆತನ ಹೆಂಡತಿ ತೆರೇಸಾ. ಫ್ಲಾರಿಡಾದಲ್ಲಿ ಆಗ ಮರಣೋತ್ತರ ಪರೀಕ್ಷೆಯ ಚಿತ್ರಗಳನ್ನು ಯಾರು ಬೇಕಾದರೂ ಕೇಳಿ ನೋಡಬಹುದಿತ್ತು. ಗಂಡನ ದೇಹವನ್ನು ಲೋಕ ಹಾಗೆ ನೋಡಬಾರದೆಂದು ಆಕೆ ನ್ಯಾಯಾಲಯಕ್ಕೆ ಹೋದಳು. ಒಬ್ಬ ಪರಿಣತರಿಗೆ ಚಿತ್ರಗಳನ್ನು ತೋರಿಸಿದರೆ ಸಾವಿನ ಕಾರಣ ತಿಳಿದೀತು, ಬೇರೆಯವರ ಜೀವ ಉಳಿದೀತು ಎಂದು ಒರ್ಲಾಂಡೊ ಸೆಂಟಿನೆಲ್ ಪತ್ರಿಕೆ ವಾದಿಸಿತು. ಯಾರದು ಸರಿ? ಹೆಂಗಸಾಗಿ ನನ್ನ ಮನಸ್ಸು ಮೊದಲು ತೆರೇಸಾಳ ಕಡೆಗೇ ವಾಲುತ್ತದೆ. ಸತ್ತವರ ಮೇಲೆ ಬಟ್ಟೆ ಹೊದಿಸುವುದು ನಾವು ಮಾಡುವ ಕೊನೆಯ ಕೆಲಸ. ಆದರೆ ನಾಳೆ ಅದೇ ಗೋಡೆಗೆ ಬಡಿಯಬಹುದಾದ ಹುಡುಗನಿಗೂ ಒಬ್ಬ ತಾಯಿ ಇರುತ್ತಾಳಲ್ಲ!

ಕೊನೆಗೆ 2001ರ ಮಾರ್ಚಿನಲ್ಲಿ ರಾಜಿಯಾಯಿತು. ಒಬ್ಬ ಸ್ವತಂತ್ರ ತಜ್ಞರು ಮಾತ್ರ ಚಿತ್ರಗಳನ್ನು ನೋಡುವುದು, ಅಭಿಪ್ರಾಯ ಬರೆದುಕೊಡುವುದು, ಆಮೇಲೆ ಚಿತ್ರಗಳಿಗೆ ಮೊಹರು. ಸರಿಯಾದ ತಡೆಯಿಲ್ಲದೆ ತಲೆ ಮುಂದಕ್ಕೆ ಚಿಮ್ಮಿದ್ದೇ ಸಾವಿಗೆ ಕಾರಣವಿರಬೇಕೆಂದು ಅವರು ತಿಳಿಸಿದರು. ಅದೇ ಮಾರ್ಚಿನಲ್ಲಿ ಫ್ಲಾರಿಡಾ ಶಾಸನಸಭೆ ಇಂಥ ಚಿತ್ರಗಳನ್ನು ಗುಟ್ಟಾಗಿಡುವ ಕಾನೂನು ಮಾಡಿತು. ಅಕ್ಟೋಬರಿನಲ್ಲಿ ಪಂದ್ಯದ ಸಂಸ್ಥೆಯಾದ ನಾಸ್ಕಾರ್ ತಲೆ ಕುತ್ತಿಗೆಗಳ ರಕ್ಷಣೆಯ ಸಾಧನವನ್ನು ಕಡ್ಡಾಯಗೊಳಿಸಿತು. ಅದರ ಕಪ್ ಪಂದ್ಯಗಳಲ್ಲಿ ಅಂದಿನಿಂದ ಒಬ್ಬ ಚಾಲಕನೂ ಸತ್ತಿಲ್ಲ. ಗೋಡೆಗಳೂ ಕಾರುಗಳೂ ಸುಧಾರಿಸಿದ್ದು ಇದಕ್ಕೆ ನೆರವಾಯಿತು.

ಸತ್ತವನ ಮಾನ ಕಾಯುವುದೂ ಸಾವಿನ ಕಾರಣ ಹುಡುಕುವುದೂ ಒಂದಕ್ಕೊಂದು ಶತ್ರುವಲ್ಲ. ಬಸುರಿ ಸತ್ತರೆ 'ಮುತ್ತೈದೆ ಸಾವು, ಪುಣ್ಯವಂತೆ' ಎನ್ನುತ್ತೇವೆ. ಆಸ್ಪತ್ರೆ ಎಷ್ಟು ದೂರವಿತ್ತು, ಏಕೆ ತಡವಾಯಿತು ಎಂದು ಕೇಳುವವರು ಎಷ್ಟು ಮಂದಿ? ಒಳ್ಳೆಯ ಮಾತನ್ನು ಆಡೋಣ. ಆದರೆ ಅದರ ಬೆನ್ನಿಗೇ ಆ ಪ್ರಶ್ನೆಯನ್ನೂ ಕೇಳೋಣ.