ಬೀಗ ತೆರೆಯುವ ವಿದ್ಯೆ, ತೆರೆಯುವ ಹಕ್ಕು

ಬೀಗದ ಕೈ ಕಳೆದುಕೊಂಡವನು ತನ್ನ ಪೆಟ್ಟಿಗೆಯ ಬೀಗವನ್ನು ತಾನೇ ಒಡೆದರೆ ಅದನ್ನು ಯಾರೂ ಕಳವೆಂದು ಕರೆಯುವುದಿಲ್ಲ. ಅದೇ ಸುತ್ತಿಗೆ, ಅದೇ ಏಟು. ಆದರೆ ಪೆಟ್ಟಿಗೆ ನೆರೆಯವನದ್ದಾದರೆ ಕೃತ್ಯದ ಹೆಸರೇ ಬದಲಾಗುತ್ತದೆ. ಇಷ್ಟು ಸರಳವಾದ ಮಾತಿಗೆ ಒಂದು ಲೇಖನವೇಕೆ ಎಂದು ನೀವು ಕೇಳಬಹುದು. ಓದುಗರೇ, ಇಂದು ನಮ್ಮ ಪೆಟ್ಟಿಗೆಗಳು ಮರದವೂ ಅಲ್ಲ, ಕಬ್ಬಿಣದವೂ ಅಲ್ಲ. ಮನೆಯ ಲೆಕ್ಕ, ಸಾಲದ ವಿವರ, ಗಂಡಹೆಂಡಿರ ಮಾತು, ಮಕ್ಕಳ ಭಾವಚಿತ್ರ, ಬ್ಯಾಂಕಿನ ವ್ಯವಹಾರ ಎಲ್ಲವೂ ಅಂಗೈಯಗಲದ ಒಂದು ಫೋನಿನೊಳಗೆ ಸೇರಿಕೊಂಡಿವೆ. ಅದರ ಬೀಗವೆಂದರೆ ನಾಲ್ಕಾರು ಅಂಕೆ ಅಥವಾ ಅಕ್ಷರ. ಅದನ್ನು ಮರೆತವರಿಗೆ ತೆರೆದು ಕೊಡುವ ಸಾಫ್ಟ್‌ವೇರ್‌ಗಳು ಈಗ ಹೇರಳವಾಗಿ ಸಿಗುತ್ತವೆ. ಉಳವಿಯಂಥ ಊರಿನವರು ಸೊರಬಕ್ಕೋ ಆನವಟ್ಟಿಗೋ ಶಿರಾಳಕೊಪ್ಪಕ್ಕೋ ಹೋದರೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆ ಕೆಲಸ ಮಾಡಿಕೊಡುವ ಹುಡುಗರಿದ್ದಾರೆ. ಸುತ್ತಿಗೆ ಎಲ್ಲರ ಕೈಗೂ ಬಂದಿದೆ. ಪೆಟ್ಟಿಗೆ ಯಾರದ್ದೆಂದು ಕೇಳುವವರು ಯಾರು?

ಮೊದಲು ಈ ಸಾಫ್ಟ್‌ವೇರ್ ಏನು ಮಾಡುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದು. ನಾವು ಮರೆತದ್ದನ್ನು ಅದು ನೆನಪಿಸಿ ಕೊಡುತ್ತದೆಂಬ ಕಲ್ಪನೆ ಹಲವರಲ್ಲಿದೆ. ಅದು ನಿಜವಲ್ಲ. ಸರಿಯಾಗಿ ರಚಿಸಿದ ವ್ಯವಸ್ಥೆಯಲ್ಲಿ ಪಾಸ್‌ವರ್ಡನ್ನು ಇದ್ದಂತೆಯೇ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಅದನ್ನು ಗಣಿತದ ಒಂದು ಗಿರಣಿಯಲ್ಲಿ ಅರೆದು, ಬಂದ ಹಿಟ್ಟಿನ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಹಿಟ್ಟಿನಿಂದ ಮತ್ತೆ ಕಾಳು ಮಾಡಲಾಗದು. ಆದುದರಿಂದ ಸಾಫ್ಟ್‌ವೇರ್ ಊಹಿಸುತ್ತದೆ: ಒಂದೊಂದೇ ಪದವನ್ನು ಅದೇ ಗಿರಣಿಗೆ ಹಾಕಿ, ಹಿಟ್ಟು ಹೊಂದುತ್ತದೆಯೇ ಎಂದು ನೋಡುತ್ತದೆ. ನಾಲ್ಕು ಅಂಕೆಯ ಬೀಗಕ್ಕೆ ಇರುವುದು 10,000 ಸಾಧ್ಯತೆ ಮಾತ್ರ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳಾದರೆ 20 ಸಾವಿರ ಕೋಟಿಗೂ ಹೆಚ್ಚು. ಹಾಗಿದ್ದರೂ ಅದನ್ನು ಹಳೆಯ ದುರ್ಬಲ ವಿಧಾನದಲ್ಲಿ ಅರೆದಿಟ್ಟಿದ್ದರೆ ಇಂದಿನ ಯಂತ್ರಗಳಿಗೆ ಕೆಲವು ನಿಮಿಷಗಳೂ ಬೇಕಿಲ್ಲ. ಇನ್ನು ಹೆಸರು, ಹುಟ್ಟಿದ ವರ್ಷ, ಮಗುವಿನ ಹೆಸರುಗಳನ್ನಂತೂ ಅದು ಮೊದಲೇ ಪ್ರಯತ್ನಿಸುತ್ತದೆ. ಡೌನ್‌ಲೋಡ್ ಮಾಡಿದ ಆಧಾರ್ ಪ್ರತಿಯ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ ಎಂಬುದು ನಿಮಗೆ ಗೊತ್ತೇ ಇದೆ. ನಿಮ್ಮನ್ನು ಬಲ್ಲ ಯಾರಿಗೂ ಅದು ಬೀಗವೇ ಅಲ್ಲ. (ನಮ್ಮವರಲ್ಲಿ 786 ಎಂಬ ಅಂಕೆಯನ್ನು ಸೇರಿಸಿ ನಿಶ್ಚಿಂತರಾಗುವವರೂ ಇದ್ದಾರೆ. ಕಳ್ಳನಿಗೂ ಆ ಅಂಕೆ ಗೊತ್ತು.) ಫೋನುಗಳ ವಿಷಯ ಬೇರೆ. ಹಲವು ಬಾರಿ ತಪ್ಪಿದರೆ ಅವು ಕಾಯಿಸುತ್ತವೆ. ಆದುದರಿಂದ ಅಂಗಡಿಯವರು ಹೆಚ್ಚಾಗಿ ಮಾಡುವುದು ಒಳಗಿರುವುದೆಲ್ಲವನ್ನೂ ಅಳಿಸಿ ಹೊಸದಾಗಿಸುವ ಕೆಲಸ.

ಬೀಗ ತೆರೆಯುವ ವಿದ್ಯೆಯೇ ಕೆಟ್ಟದ್ದೆಂದು ಹೇಳುವವರೊಂದಿಗೆ ನಾನಿಲ್ಲ. ಗುಪ್ತ ಲಿಪಿಯನ್ನು ಬಿಡಿಸುವ ಶಾಸ್ತ್ರದ ಬಗ್ಗೆ ಇಂದು ದೊರೆತಿರುವ ಅತ್ಯಂತ ಹಳೆಯ ಗ್ರಂಥವನ್ನು ಬರೆದವರು 9ನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್‌ಕಿಂದಿ. ಒಂದು ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿ, ಆ ಲೆಕ್ಕದಿಂದ ರಹಸ್ಯ ಬರಹವನ್ನು ಓದುವ ಉಪಾಯವನ್ನು ಅವರು ವಿವರಿಸಿದರು. ಇಂದಿನ ಸಾಫ್ಟ್‌ವೇರ್‌ಗಳು ಮಾಡುವ ಊಹೆಗೆ ಆ ಎಣಿಕೆಯೇ ಅಜ್ಜ. ವಿದ್ಯೆಗೆ ಪಾಪವಿಲ್ಲ, ಅದನ್ನು ಹಿಡಿದ ಕೈಗೆ ಲೆಕ್ಕ ಕೊಡಲಿಕ್ಕಿದೆ.

ಇಲ್ಲಿ ಒಂದು ಸಮರ್ಥನೆ ಸದಾ ಕೇಳಿಬರುತ್ತದೆ: “ನನ್ನ ಉದ್ದೇಶ ಒಳ್ಳೆಯದು.” ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನೂ ಅದಕ್ಕೆ ಜೋಡಿಸುತ್ತಾರೆ. ಆದರೆ ಆ ಬೋಧನೆ ಸತ್ಕರ್ಮವು ತೋರಿಕೆಯಿಂದ ಕೆಡಬಾರದೆಂದು ಹೇಳುತ್ತದೆಯೇ ಹೊರತು, ಇನ್ನೊಬ್ಬರ ಹಕ್ಕನ್ನು ನನ್ನ ಸದುದ್ದೇಶದ ಹೆಸರಿನಲ್ಲಿ ಕಿತ್ತುಕೊಳ್ಳಬಹುದೆಂದು ಹೇಳುವುದಿಲ್ಲ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಪರರ ಮನೆಗೆ ಅನುಮತಿಯಿಲ್ಲದೆ ಹೋಗಬಾರದೆಂಬ ಆಜ್ಞೆಯಿದೆ. ಮರಳಿ ಹೋಗಿರೆಂದು ಒಳಗಿನವರು ಹೇಳಿದರೆ ಬೇಸರಿಸದೆ ಮರಳಬೇಕೆಂದೂ ಇದೆ. ಅಲ್ಲಿ ಬಂದವನು ಕಳ್ಳನೋ ಹಿತೈಷಿಯೋ ಎಂಬ ವಿಂಗಡಣೆ ಇಲ್ಲ. ಹಿತೈಷಿಯೂ ಬಾಗಿಲಲ್ಲಿ ನಿಲ್ಲಬೇಕು.

ಈ ಅನುಮತಿಯ ನಿಯಮ ಇರುವುದು ಮನೆಯ ಸಾಮಾನು ಕಾಪಾಡಲು ಮಾತ್ರವೇ? ಅಲ್ಲ. ಒಮ್ಮೆ ಒಬ್ಬನು ಪ್ರವಾದಿವರ್ಯರ(ಸ) ಕೋಣೆಯ ಬಾಗಿಲಿನ ಕಿಂಡಿಯಿಂದ ಒಳಗೆ ಇಣುಕಿದ. ಆಗ ಪ್ರವಾದಿವರ್ಯರ(ಸ) ಕೈಯಲ್ಲಿ ತಲೆ ಬಾಚುವ ಕಬ್ಬಿಣದ ಹಣಿಗೆಯಿತ್ತು. ಅವರು ಆತನನ್ನು ಕಠಿಣವಾಗಿ ಎಚ್ಚರಿಸಿ, ಅನುಮತಿ ಕೇಳುವ ವಿಧಿ ಬಂದಿರುವುದೇ ನೋಟದ ಕಾರಣಕ್ಕೆಂದು ತಿಳಿಸಿದರು. ಬುಖಾರಿಯಲ್ಲಿ ಉಲ್ಲೇಖಿತವಾದ ಘಟನೆಯಿದು. ಆತ ಏನನ್ನೂ ಕದ್ದಿರಲಿಲ್ಲ, ಒಳಗೆ ಕಾಲನ್ನೂ ಇಟ್ಟಿರಲಿಲ್ಲ. ನೋಡಿದ್ದಷ್ಟೇ ಅವನ ಅಪರಾಧ. ಬೇರೊಬ್ಬರ ಫೋನನ್ನು ತೆರೆದು “ನಾನು ಏನನ್ನೂ ತೆಗೆದಿಲ್ಲ, ಸುಮ್ಮನೆ ನೋಡಿದೆ” ಎನ್ನುವವರು ಇದನ್ನು ಗಮನಿಸಬೇಕು.

ಹ. ಉಮರ್(ರ) ಅವರ ಬಗ್ಗೆ ಪ್ರಸಿದ್ಧವಾಗಿರುವ ಒಂದು ವರದಿಯನ್ನು ನೀವು ಕೇಳಿರಬಹುದು. ರಾತ್ರಿ ಗಸ್ತಿನಲ್ಲಿದ್ದ ಖಲೀಫರು ಮನೆಯೊಂದರಿಂದ ಸದ್ದು ಕೇಳಿ, ಗೋಡೆ ಹತ್ತಿ ಒಳಗೆ ನೋಡಿದರು. ಒಳಗಿದ್ದವನು ಮದ್ಯದ ಮುಂದೆ ಕುಳಿತಿದ್ದ. ಅವನನ್ನು ಗದರಿಸಿದಾಗ ಅವನು, ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು ಎಂದು ಉತ್ತರಿಸಿದ: ಗೂಢಚರ್ಯೆ ನಡೆಸಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿಯನ್ನೂ ಸಲಾಮನ್ನೂ ಬಿಟ್ಟಿರಿ. ಖಲೀಫರು ಅವನನ್ನು ಬಿಟ್ಟು ಹೊರಟುಹೋದರು. ಸಂಶಯ ನಿಜವಾಗಿದ್ದಾಗಲೂ ಗೋಡೆ ಹತ್ತಿದ್ದು ಸರಿಯಾಗಲಿಲ್ಲ ಎಂಬುದೇ ಈ ವರದಿಯ ತಿರುಳು. ಗಂಡನು ಹೆಂಡತಿಯ ಫೋನನ್ನೂ ಹೆಂಡತಿಯು ಗಂಡನ ಫೋನನ್ನೂ ಗುಟ್ಟಾಗಿ ತೆರೆಯಿಸಲು ಅಂಗಡಿಗೆ ಒಯ್ಯುವಾಗ, “ಏನೋ ಸಿಕ್ಕಿತಲ್ಲ” ಎಂಬುದು ಅವರ ಗೆಲುವಾಗಿರುತ್ತದೆ. ಏನೂ ಸಿಗದಿದ್ದರೆ? ಸಂಶಯ ಅಷ್ಟಕ್ಕೆ ಸಾಯುವುದಿಲ್ಲ, ಇನ್ನೂ ಆಳವಾಗಿ ಎಲ್ಲಿ ಅಡಗಿಸಿದ್ದಾರೋ ಎಂದು ಹುಡುಕುತ್ತದೆ. ಸಣ್ಣ ಮಕ್ಕಳ ಮಾತು ಬೇರೆ. ಅವರು ಹೆತ್ತವರ ಹೊಣೆ. ಅವರ ಫೋನಿನ ಬೀಗದ ಕೈ ಹೆತ್ತವರಲ್ಲಿ ಇರುತ್ತದೆಂದು ಫೋನು ಕೊಡುವ ದಿನವೇ ಹೇಳಿಬಿಡಬೇಕು. ಕಾಲೇಜಿಗೆ ಹೋಗುವ ಮಗಳ ಫೋನನ್ನು ಅವಳು ನಿದ್ರಿಸಿದಾಗ ಅವಳದೇ ಬೆರಳನ್ನು ಒತ್ತಿ ತೆರೆಯುವ ತಂದೆಯನ್ನು ಮಾತ್ರ ನಾನು ಹೊಣೆಗಾರನೆನ್ನಲಾರೆ. ಎಚ್ಚರವಿದ್ದಾಗ ಕೇಳುವ ಧೈರ್ಯ ಅವನಿಗಿರಲಿಲ್ಲ, ಅಷ್ಟೇ.

ಅಂಗಡಿ ಇಟ್ಟಿರುವ ಸಹೋದರರಿಗೆ ಈಗ ಎರಡು ಮಾತು. ಬಿದ್ದು ಸಿಕ್ಕಿದ ವಸ್ತುವಿನ ಬಗ್ಗೆ ಪ್ರವಾದಿವರ್ಯರಲ್ಲಿ(ಸ) ಕೇಳಿದಾಗ, ಅದರ ಚೀಲವನ್ನೂ ಅದನ್ನು ಕಟ್ಟಿದ ದಾರವನ್ನೂ ಗುರುತಿಟ್ಟುಕೊಂಡು ಒಂದು ವರ್ಷ ಸಾರಬೇಕೆಂದು ಹೇಳಿದರು. ದಾರವನ್ನೇಕೆ ಗುರುತಿಡಬೇಕು? ನನ್ನದೆಂದು ಬಂದವನು ಆ ಗುರುತನ್ನು ಹೇಳಬಲ್ಲನೇ ಎಂದು ನೋಡಲು. ಯಾರೋ ಒಬ್ಬರು ಬೀಗ ಹಾಕಿದ ಫೋನನ್ನು ಮೇಜಿನ ಮೇಲಿಟ್ಟು ತೆರೆದು ಕೊಡಿ ಎಂದಾಗ ಇದೇ ಕೇಳ್ವಿ ಏಳಬೇಕು. ಖರೀದಿಯ ರಸೀದಿ ಇದೆಯೇ? ಒಳಗಿರುವ ಸಿಮ್ ಯಾರ ಹೆಸರಿನಲ್ಲಿದೆ? ಮೊದಲು ಯಾವ ಗೂಗಲ್ ಖಾತೆ ಹಾಕಿದ್ದಿರಿ? 2015ರಿಂದೀಚೆಗೆ ಬಂದ ಆಂಡ್ರಾಯ್ಡ್ ಫೋನುಗಳು ಎಲ್ಲವನ್ನೂ ಅಳಿಸಿದ ಮೇಲೂ ಹಳೆಯ ಖಾತೆಯನ್ನು ಕೇಳುತ್ತವೆ. ಕದ್ದವನಿಗೆ ಫೋನು ಉಪಯೋಗಕ್ಕೆ ಬಾರದಿರಲೆಂದೇ ಆ ಏರ್ಪಾಟು. ಅದನ್ನು ದಾಟಿಸುವ ಉಪಾಯಗಳಿಗೆ ಗಿರಾಕಿಗಳು ಮಾಲೀಕರೇ ಆಗಿರಬೇಕೆಂದಿಲ್ಲ. ಪ್ರತಿ ಫೋನಿಗೂ 15 ಅಂಕೆಯ ಐಎಂಇಐ ಸಂಖ್ಯೆಯಿದೆ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ, ಆ ಸಂಖ್ಯೆಯ ಫೋನು ಕಳೆದುಹೋದದ್ದೆಂದು ತಡೆಹಿಡಿಯಲ್ಪಟ್ಟಿದೆಯೇ ಎಂದು ಯಾರೂ ನೋಡಬಹುದು. ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಪಡೆದ ಕೂಲಿ ಹಲಾಲಾಗುತ್ತದೆಯೇ ಎಂಬುದನ್ನು ಆ ಸಹೋದರನೇ ತನ್ನ ಮನಸ್ಸಿನಲ್ಲಿ ಕೇಳಿಕೊಳ್ಳಲಿ. ಕಾನೂನಿನ ಭಯವೂ ಇರಲಿ: ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ 3 ವರ್ಷದವರೆಗೆ ಸೆರೆಮನೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಇದುವರೆಗಿನದು ಕಷ್ಟದ ಪ್ರಶ್ನೆಯಲ್ಲ. ಕಷ್ಟವಿರುವುದು ಮೃತಪಟ್ಟವರ ಫೋನಿನಲ್ಲಿ. ಶುಂಠಿಯದ್ದೋ ಅಡಿಕೆಯದ್ದೋ ವ್ಯಾಪಾರ ಮಾಡಿಕೊಂಡಿದ್ದ ಮನೆಯ ಯಜಮಾನ ಹಠಾತ್ತಾಗಿ ತೀರಿಕೊಂಡನೆಂದು ಭಾವಿಸಿರಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಲ್ಲವೂ ಫೋನಿನಲ್ಲಿದೆ. ಬೀಗದ ಅಂಕೆ ಅವನೊಂದಿಗೆ ಮಣ್ಣಾಯಿತು. ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕೆಂಬುದು ಅನ್ನಿಸಾ ಅಧ್ಯಾಯದ ಸ್ಪಷ್ಟ ವಿಧಿ. ಸಾಲವಿದ್ದವನೊಬ್ಬನ ಜನಾಝ ನಮಾಝಿಗೆ ಪ್ರವಾದಿವರ್ಯರು(ಸ) ಹಿಂಜರಿದು, ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನೆರವೇರಿಸಿದರು. ಹಾಗಿರುವಾಗ ಫೋನನ್ನು ಮುಚ್ಚಿಯೇ ಇಡುವುದು ಮೃತನಿಗೆ ಮಾಡುವ ಉಪಕಾರವೇ? ನನಗೆ ಹಾಗೆ ಕಾಣುವುದಿಲ್ಲ. ತೆರೆಯಬೇಕು. ಆದರೆ ಅದೇ ಫೋನಿನಲ್ಲಿ ಅವನು ಹೆಂಡತಿಗೂ ಹೇಳದ ಮಾತುಗಳಿರಬಹುದು. ಮಿತ್ರನೊಬ್ಬ ನಂಬಿ ಹೇಳಿದ ಸಂಕಟವಿರಬಹುದು. ಅವನು ಪಶ್ಚಾತ್ತಾಪಪಟ್ಟು ಬಿಟ್ಟಿದ್ದ ತಪ್ಪೊಂದರ ಗುರುತಿರಬಹುದು. ಆ ಮಿತ್ರ ಬದುಕಿದ್ದಾನೆ, ಅವನ ಅನುಮತಿಯನ್ನು ಯಾರೂ ಕೇಳಿಲ್ಲ.

ಇದಕ್ಕೆ ದಾರಿಯನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ. ಮೃತದೇಹಕ್ಕೆ ಸ್ನಾನ ಮಾಡಿಸುವ ಕ್ರಮವನ್ನು ನೋಡಿರಿ. ಸ್ನಾನ ಮಾಡಿಸಲೇಬೇಕು, ದೇಹವನ್ನು ಮುಟ್ಟದೆ ಅದು ಆಗದು. ಆದರೂ ಹೊಕ್ಕುಳಿನಿಂದ ಮಂಡಿಯವರೆಗೆ ಬಟ್ಟೆ ಹೊದಿಸಿರುತ್ತಾರೆ. ಆ ಭಾಗವನ್ನು ಕೈಗೆ ಬಟ್ಟೆ ಸುತ್ತಿಕೊಂಡು, ನೋಡದೆ ತೊಳೆಯುತ್ತಾರೆ. ಎಲ್ಲರೂ ಒಳಗೆ ಬರುವುದಿಲ್ಲ. ನಂಬಿಕಸ್ತರಾದ ಇಬ್ಬರು ಮೂವರು ಸಾಕು. ಕಂಡ ಕೊರತೆಯನ್ನು ಹೊರಗೆ ಹೇಳುವಂತಿಲ್ಲ. ಮೃತನ ಫೋನನ್ನೂ ಹಾಗೆಯೇ ತೆರೆಯಬೇಕೆಂಬುದು ನನ್ನ ಅಭಿಪ್ರಾಯ. ವಾರಸುದಾರರೆಲ್ಲರಿಗೂ ತಿಳಿಸಿ, ಅವರಲ್ಲಿ ನಂಬಿಕಸ್ತನಾದ ಒಬ್ಬನನ್ನೂ ಹೊರಗಿನ ದೇವಭಯವುಳ್ಳ ಒಬ್ಬನನ್ನೂ ಕೂರಿಸಿ, ಲೆಕ್ಕವಿರುವಲ್ಲಿಗೆ ಮಾತ್ರ ಹೋಗಿ, ಬೇಕಾದುದನ್ನು ಕಾಗದದಲ್ಲಿ ಬರೆದುಕೊಂಡು, ಉಳಿದುದನ್ನು ಓದದೆ ಅಳಿಸಿಬಿಡುವುದು. ಅಂಗಡಿಯ ಹುಡುಗನ ಕೈಗೆ ಫೋನು ಕೊಟ್ಟು ನಾಳೆ ಬರುತ್ತೇನೆಂದು ಹೊರಡುವುದು ಶವವನ್ನು ಬೀದಿಯಲ್ಲಿಟ್ಟು ಮನೆಗೆ ಹೋದಂತೆ. ಬ್ಯಾಂಕಿನ ಹಣಕ್ಕಂತೂ ಫೋನು ತೆರೆಯುವ ಅಗತ್ಯವೇ ಇಲ್ಲ. ಮರಣಪತ್ರ ಹಿಡಿದು ಹೋದರೆ ಅದಕ್ಕೆ ಬೇರೆ ಕ್ರಮವಿದೆ. ಮೃತನ ಪಿನ್ ಹಾಕಿ ಹಣ ತೆಗೆಯುವ ಅವಸರದಲ್ಲಿ ಒಬ್ಬ ವಾರಸುದಾರ ಉಳಿದವರ ಪಾಲಿಗೆ ಕೈ ಹಾಕುತ್ತಾನೆ.

ನ್ಯಾಯಾಲಯಗಳೂ ಇದೇ ಗಂಟನ್ನು ಬಿಡಿಸುತ್ತಿವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆರೋಪಿಯ ಫೋನಿನ ಪಾಸ್‌ವರ್ಡಿನ ಪ್ರಶ್ನೆ 2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಶೋಧನೆಗೆ ವಾರಂಟಿನ ದಾರಿಯನ್ನು ತೋರಿಸಿದ ನ್ಯಾಯಾಲಯ, ಒಳಗೆ ಸಿಕ್ಕಿದ ಖಾಸಗಿ ವಿಷಯಗಳನ್ನು ತನಿಖಾಧಿಕಾರಿಯು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡಬಾರದೆಂದೂ ಹೇಳಿತು. ಪೊಲೀಸನಿಗೇ ಇರುವ ಈ ಕಟ್ಟಳೆ ಭಾವಮೈದುನನಿಗೆ ಬೇಡವೇ?

ಇನ್ನು ಬದುಕಿರುವ ನಮ್ಮ ಪಾಲಿನ ಕೆಲಸ. ವಸಿಯ್ಯತ್ ಮಾಡಬೇಕಾದ ವಿಷಯವಿರುವವನು ಅದನ್ನು ಬರೆದಿಡದೆ ಎರಡು ರಾತ್ರಿಗಳನ್ನು ಕಳೆಯಬಾರದೆಂದು ಪ್ರವಾದಿವಚನವಿದೆ. ಸಾಲದ ಲೆಕ್ಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಮಕ್ಕಳು ನಮ್ಮ ಫೋನಿನ ಬೀಗ ಒಡೆಯುವ ಸಂಕಟವೇ ಬಾರದು. ತಾನು ನಿಗದಿಪಡಿಸಿದ ಕಾಲದವರೆಗೆ ಖಾತೆಯನ್ನು ಬಳಸದಿದ್ದರೆ ಅದು ಯಾರಿಗೆ ಹೋಗಬೇಕು, ಎಷ್ಟು ಹೋಗಬೇಕು ಎಂದು ಮೊದಲೇ ಹೇಳಿಡುವ ಸೌಕರ್ಯವನ್ನು ಗೂಗಲ್ 2013ರಲ್ಲಿಯೇ ಕೊಟ್ಟಿದೆ. ಆಪಲ್ ಅಂಥದ್ದನ್ನು 2021ರ ಡಿಸೆಂಬರಿನಲ್ಲಿ ತಂದಿತು. ಮುಖ್ಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ನಂಬಿಕೆಯವರಲ್ಲಿ ಇಡುವುದೂ ಆದೀತು. ಯಾರಲ್ಲಿ ಎಂಬುದಷ್ಟೇ ಪ್ರಶ್ನೆ. ಹಿಜರಿ 8ರಲ್ಲಿ ಮಕ್ಕಾ ವಿಜಯದ ದಿನ ಕಅಬಾದ ಬೀಗದ ಕೈ ಪ್ರವಾದಿವರ್ಯರ(ಸ) ಕೈಗೆ ಬಂತು. ಅದನ್ನು ತಮ್ಮ ಮನೆತನಕ್ಕೆ ಕೊಡಿರೆಂದು ಆಪ್ತ ಬಂಧುವೇ ಕೇಳಿದ್ದರು. ಅವರು ಅದನ್ನು ಉಸ್ಮಾನ್ ಬಿನ್ ತಲ್ಹಾರನ್ನು ಕರೆದು ಮರಳಿಸಿದರು. ಅದು ಮೊದಲಿನಿಂದಲೂ ಅವರ ಮನೆತನದಲ್ಲಿದ್ದ ಅಮಾನತು. ಆ ಕೈ ಇಂದಿಗೂ ಅದೇ ವಂಶದವರ ಬಳಿಯಿದೆ.